ಅಂಗಡಿ ಕೆಲಸ ಹೋದ ಮೇಲೆ: ಸಹಿ, ಸವಲತ್ತು, ಸಂಸಾರ

ಮಾಲ್, ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಮೊಬೈಲ್ ಶೋರೂಮುಗಳಲ್ಲಿ ದುಡಿಯುವವರ ಕೆಲಸ ಬಹುಪಾಲು ಒಂದೇ ದಿನದಲ್ಲಿ ಹೋಗುತ್ತದೆ. ಶಿಫ್ಟ್ ಮುಗಿಯುವ ಹೊತ್ತಿಗೆ ಒಳಗಿನ ಕೋಣೆಗೆ ಕರೆಯುತ್ತಾರೆ. ಅಚ್ಚು ಹಾಕಿಸಿದ ಹಾಳೆಯೊಂದನ್ನು ಮುಂದಿಟ್ಟು, "ಇದಕ್ಕೊಂದು ಸೈನ್ ಹಾಕಿಬಿಡಿ, ನಿಮ್ಮ ಸೆಟಲ್‌ಮೆಂಟ್ ಬೇಗ ಆಗುತ್ತೆ" ಎನ್ನುತ್ತಾರೆ. ಹಾಳೆಯಲ್ಲಿ ಇರುವುದು ಒಂದೇ ಸಾಲು: ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ.

ಅದಕ್ಕೆ ಸಹಿ ಹಾಕಬೇಡಿ. ಮಳಿಗೆ ಮುಚ್ಚುವುದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಆದರೆ ನೀವು ಬಿಟ್ಟಿರೋ ಅವರು ತೆಗೆದರೋ ಎಂಬುದು ಕಾಗದದಲ್ಲಿ ಹೇಗೆ ದಾಖಲಾಗುತ್ತದೆ ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಪರಿಹಾರ, ಇಎಸ್‌ಐ ಭತ್ಯೆ, ಮುಂದಿನ ಆರು ತಿಂಗಳು ಮನೆ ನಡೆಯುವ ರೀತಿ ಎಲ್ಲವೂ ಆ ದಾಖಲೆಯ ಮೇಲೆ ನಿಂತಿವೆ.

ಒಂದು ಸಹಿಯ ಬೆಲೆ

ಲೆಕ್ಕ ಹಾಕಿ ನೋಡೋಣ. ಬಿಲ್ಲಿಂಗ್ ಕೌಂಟರ್‌ನಲ್ಲಿ 6 ವರ್ಷ ದುಡಿದ ಒಬ್ಬ ಹೆಣ್ಣುಮಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ ಎಂದಿಟ್ಟುಕೊಳ್ಳಿ.

ಕಂಪನಿಯೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ದುಡಿದ ಕೆಲಸಗಾರರನ್ನು ಹಾಗೆ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪೂರ್ತಿ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಇವಳ ಲೆಕ್ಕದಲ್ಲಿ ನೋಟಿಸ್ ಸಂಬಳ 15,600, ಪರಿಹಾರ 7,800 ರೂಪಾಯಿಯಂತೆ ಆರು ವರ್ಷಕ್ಕೆ 46,800.

ಗ್ರಾಚ್ಯುಟಿ ಬೇರೆ. ಅದರ ಸೂತ್ರದಲ್ಲಿ ತಿಂಗಳಿಗೆ 26 ದಿನ. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ವರ್ಷಕ್ಕೆ ಹದಿನೈದು ದಿನದಂತೆ 9,000, ಆರು ವರ್ಷಕ್ಕೆ 54,000. ಮೂರೂ ಸೇರಿ 1,16,400 ರೂಪಾಯಿ.

ಅದೇ ಹೆಣ್ಣುಮಗಳು ರಾಜೀನಾಮೆ ಹಾಳೆಗೆ ಸಹಿ ಹಾಕಿದರೆ ಅವಳಿಗೆ ಉಳಿಯುವುದು ಗ್ರಾಚ್ಯುಟಿಯ 54,000 ಮಾತ್ರ. ಒಂದು ಸಹಿಗೆ 62,400 ರೂಪಾಯಿ ಹೋಯಿತು. ಕೆಲಸ ನಾಲ್ಕೇ ವರ್ಷದ್ದಾಗಿದ್ದರೆ ಪೆಟ್ಟು ಇನ್ನೂ ಜೋರು. ಕಾಯಂ ನೌಕರರ ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕಾದ್ದರಿಂದ ಅದೂ ಇಲ್ಲ. ಕಂಪನಿ ತೆಗೆದಿದ್ದರೆ ಬರುತ್ತಿದ್ದ 46,800 ರಾಜೀನಾಮೆ ಕೊಟ್ಟರೆ ಸೊನ್ನೆಗೆ ಇಳಿಯುತ್ತದೆ.

ಇಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ಮೇಲ್ವಿಚಾರಣೆ ಕೆಲಸದಲ್ಲಿದ್ದು 18,000 ರೂಪಾಯಿಗಿಂತ ಹೆಚ್ಚು ವೇತನ ಇರುವವರು ಮತ್ತು ಮ್ಯಾನೇಜರ್‌ಗಳು ಹೊಸ ಸಂಹಿತೆಯಲ್ಲಿ 'ಕೆಲಸಗಾರ' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮೇಲ್ವಿಚಾರಕರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮತ್ತು ನೇಮಕ ಪತ್ರ, ಮ್ಯಾನೇಜರ್‌ಗಳಿಗೆ ಬಹುಮಟ್ಟಿಗೆ ನೇಮಕ ಪತ್ರವೇ ಆಸರೆ. ಆ ಕಾಯ್ದೆಯ 39ನೇ ಕಲಮಿನಂತೆ ಆರು ತಿಂಗಳು ಸತತ ದುಡಿದ ನೌಕರರನ್ನು ಸರಿಯಾದ ಕಾರಣವಿಲ್ಲದೆ, ತಿಂಗಳ ನೋಟಿಸ್ ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ. ಎರಡು, ಅವಧಿ ಗೊತ್ತುಪಡಿಸಿದ ಗುತ್ತಿಗೆಯಲ್ಲಿ ಇದ್ದವರಿಗೆ ಅವಧಿ ಮುಗಿದು ಕೆಲಸ ನಿಂತರೆ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ. ಆದರೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಉಂಟು. ಮೂರು, ಬ್ರ್ಯಾಂಡ್ ಕಂಪನಿಯ ಪ್ರಮೋಟರ್ ಆಗಿಯೋ ಏಜೆನ್ಸಿ ಪೇರೋಲ್‌ನಲ್ಲೋ ಇದ್ದವರು ತಮ್ಮ ಮಾಲೀಕ ಯಾರೆಂದು ಸಂಬಳದ ಚೀಟಿಯಲ್ಲಿ ನೋಡಿಕೊಳ್ಳಬೇಕು. ಗುತ್ತಿಗೆದಾರ ಏಜೆನ್ಸಿ ಸಂಬಳ ಕೊಡದೆ ಕೈ ಎತ್ತಿದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಅದನ್ನು ಕೊಡಬೇಕು.

ಸಹಿ ಹಾಕಲೇಬೇಕೆಂದು ಪಟ್ಟು ಹಿಡಿದರೆ? "ಮನೆಯಲ್ಲಿ ಓದಿಸಿಕೊಂಡು ನಾಳೆ ತರುತ್ತೇನೆ ಸರ್" ಎನ್ನಿ. ಹಾಳೆಯ ಫೋಟೊ ತೆಗೆದುಕೊಳ್ಳಿ. ಈಗಾಗಲೇ ಸಹಿ ಹಾಕಿದ್ದರೆ ಅದೇ ದಿನ ಎಚ್‌ಆರ್‌ಗೆ ಇಮೇಲ್ ಬರೆಯಿರಿ: ರಾಜೀನಾಮೆ ನನ್ನ ಇಚ್ಛೆಯದಲ್ಲ, ಇಂಥವರು ಹೇಳಿ ಬರೆಸಿದ್ದು, ಅದನ್ನು ಹಿಂಪಡೆಯುತ್ತಿದ್ದೇನೆ. ಅಂಗೀಕಾರವಾಗುವ ಮುನ್ನ ರಾಜೀನಾಮೆ ಹಿಂಪಡೆಯಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ತಡಮಾಡಿದಷ್ಟೂ ಆ ಬಾಗಿಲು ಮುಚ್ಚುತ್ತದೆ.

ಲಾಗಿನ್ ಮುಚ್ಚುವ ಮುನ್ನ

ಈಗ ಸಂಬಳದ ಚೀಟಿ, ಹಾಜರಿ, ರಜೆ ಲೆಕ್ಕ ಎಲ್ಲ ಕಂಪನಿಯ ಆ್ಯಪ್‌ನಲ್ಲೇ ಇರುತ್ತವೆ. ಕೊನೆಯ ದಿನ ಮುಗಿದ ಕೂಡಲೆ ಅದು ತೆರೆಯುವುದಿಲ್ಲ. ಆದ್ದರಿಂದ ಮೊದಲ ಸುಳಿವು ಸಿಕ್ಕ ದಿನವೇ ನೇಮಕ ಪತ್ರ, ಸಾಧ್ಯವಾದಷ್ಟು ತಿಂಗಳ ಸಂಬಳ ಚೀಟಿ, ಹಾಜರಿ ಪಟ್ಟಿ, ಬಾಕಿ ಗಳಿಕೆ ರಜೆಯ ಪುಟ, ಇನ್ಸೆಂಟಿವ್ ಬಾಕಿಯ ವಿವರ ಇಳಿಸಿಕೊಂಡು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ತುಂಬಿಸಿಡಿ. ಯೂನಿಫಾರ್ಮ್, ಐಡಿ ಕಾರ್ಡ್, ಕೀ, ಕ್ಯಾಶ್ ವಾಪಸು ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ. ಸ್ಟಾಕ್ ಕಡಿಮೆ ಬಂತೆಂದು ಕೊನೆಯ ಲೆಕ್ಕದಲ್ಲಿ ಕಡಿತ ಮಾಡುವುದು ಈ ವ್ಯವಹಾರದಲ್ಲಿ ಹೆಚ್ಚು. ಆ ಸ್ವೀಕೃತಿಯೇ ಅದಕ್ಕೆ ಉತ್ತರ.

ಕಂಪನಿಯಿಂದ ಕೇಳಬೇಕಾದ ಪತ್ರಗಳು ಮೂರು: ಕೆಲಸದಿಂದ ತೆಗೆದ ಕಾರಣ ಹೇಳುವ ಪತ್ರ, ರಿಲೀವಿಂಗ್ ಲೆಟರ್, ಅನುಭವ ಪತ್ರ.

ದುಡ್ಡು ಬರುವ ಗಡುವುಗಳೂ ಗೊತ್ತಿರಲಿ. ವೇತನ ಸಂಹಿತೆಯಂತೆ ಕೆಲಸ ಹೋದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಬೋನಸ್ ಮಿತಿಯೊಳಗೆ ಸಂಬಳ ಇದ್ದು, ಆ ಲೆಕ್ಕದ ವರ್ಷದಲ್ಲಿ 30 ದಿನ ದುಡಿದಿದ್ದರೆ, ನಡುವೆ ಕೆಲಸ ಹೋದರೂ ದುಡಿದಷ್ಟು ಅವಧಿಯ ಬೋನಸ್ ನಿಮ್ಮದೇ. ಹಬ್ಬದ ಹೊತ್ತಿಗೆ ಅದನ್ನು ಕೇಳಲು ಮರೆಯಬೇಡಿ. ಇವಲ್ಲದೆ, ತೆಗೆದ ಪ್ರತಿ ಕೆಲಸಗಾರನ ಹೆಸರಿನಲ್ಲಿ ಮಾಲೀಕ 15 ದಿನದ ಸಂಬಳವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು ಎಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ಕಾರ್ಮಿಕ ಇಲಾಖೆಗೆ ಹೋದಾಗ ಇದನ್ನು ಹೆಸರು ಹಿಡಿದು ಕೇಳಿ.

ಇಎಸ್‌ಐ ಕಾರ್ಡ್ ಕೆಲಸದ ಜೊತೆ ಸಾಯುವುದಿಲ್ಲ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಇಎಸ್‌ಐ ಇರುತ್ತದೆ. ಕೆಲಸ ಹೋದ ಮರುದಿನ ಕಾರ್ಡ್ ನಡೆಯುವುದಿಲ್ಲ ಎಂದುಕೊಂಡು ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹೋಗುವವರು ಬಹಳ. ನಿಜವಾದ ಲೆಕ್ಕ ಹೀಗಿದೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ವಂತಿಗೆ ಕಟ್ಟುವ ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ್ದು ಹೋಗಿದ್ದರೆ, ಸೆಪ್ಟೆಂಬರ್ ಕೊನೆಗೆ ಕೆಲಸ ಹೋದವರೂ ಮುಂದಿನ ಜೂನ್‌ವರೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೋ ಹತ್ತಿರದ ಡಿಸ್ಪೆನ್ಸರಿಯಲ್ಲೋ ಕುಟುಂಬ ಸಮೇತ ಚಿಕಿತ್ಸೆ ಪಡೆಯಬಹುದು. ಮುಂದೂಡಿದ ಚಿಕಿತ್ಸೆ ಏನಾದರೂ ಇದ್ದರೆ ಈ ಅವಧಿಯಲ್ಲೇ ಮುಗಿಸಿಕೊಳ್ಳಿ.

ಇಎಸ್‌ಐನಲ್ಲಿ ನಿರುದ್ಯೋಗ ಭತ್ಯೆಯೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ ಕೊಡುತ್ತಾರೆ. ಕೆಲಸ ಹೋಗಿ 30 ದಿನವಾದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಹಳೆ ಮಾಲೀಕರ ಕೈಕಾಲು ಹಿಡಿಯಬೇಕಿಲ್ಲ. ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿರಬೇಕು. ಈ ಯೋಜನೆಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿದ್ದಾರೆ, ಆದ್ದರಿಂದ ಸದ್ಯದ ಗಡುವನ್ನು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಎಂಬ ಇನ್ನೊಂದು 2005ರಿಂದ ಇದೆ. ಸಂಸ್ಥೆ ಮುಚ್ಚಿದಾಗ ಅಥವಾ ರಿಟ್ರೆಂಚ್‌ಮೆಂಟ್ ಆದಾಗ ಹೆಚ್ಚು ಕಾಲ ಭತ್ಯೆ ಕೊಡುವ ಯೋಜನೆ ಅದು. ಎರಡಕ್ಕೂ ವಂತಿಗೆಯ ಷರತ್ತುಗಳಿವೆ. ಕೆಲಸ ಹೇಗೆ ಹೋಯಿತು ಎಂಬ ಪ್ರಶ್ನೆಯೂ ಬರುತ್ತದೆ. ದುರ್ನಡತೆಗೆ ವಜಾ ಆದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇವು ಸಿಗುವುದಿಲ್ಲ. ಮೊದಲ ದಿನದ ಪತ್ರದಲ್ಲಿ 'ರಾಜೀನಾಮೆ' ಎಂದಿರಬಾರದು ಎನ್ನುವುದಕ್ಕೆ ಇದು ಎರಡನೇ ಕಾರಣ.

ಪಿಎಫ್: ಎಲ್ಲವನ್ನೂ ಬಾಚಬೇಡಿ

2025ರ ಅಕ್ಟೋಬರ್‌ನಲ್ಲಿ ಇಪಿಎಫ್ ಕೇಂದ್ರ ಟ್ರಸ್ಟಿ ಮಂಡಳಿ ತೆಗೆದುಕೊಂಡ ತೀರ್ಮಾನದಂತೆ ಕೆಲಸ ಹೋದವರು ಮುಕ್ಕಾಲು ಪಾಲನ್ನು ಕೂಡಲೇ ತೆಗೆಯಬಹುದು, ಉಳಿದ ಕಾಲು ಪಾಲನ್ನು 12 ತಿಂಗಳ ನಿರುದ್ಯೋಗದ ನಂತರ. ತೆಗೆಯಬಹುದು ಎಂದ ಮಾತ್ರಕ್ಕೆ ತೆಗೆಯಲೇಬೇಕೆಂದಿಲ್ಲ. ಐದು ವರ್ಷ ತುಂಬುವ ಮುನ್ನ 50,000ಕ್ಕಿಂತ ಹೆಚ್ಚು ತೆಗೆದರೆ ತೆರಿಗೆ ಕಡಿತವಾಗುವ ಸಾಧ್ಯತೆ ಇದೆ. ಪಿಂಚಣಿ ಭಾಗವನ್ನಂತೂ ಮುಟ್ಟದಿರುವುದೇ ಮೇಲು. ಹತ್ತು ವರ್ಷದ ಸೇವೆ ಕೂಡಿದರೆ 58ಕ್ಕೆ ತಿಂಗಳ ಪಿಂಚಣಿಯ ಹಕ್ಕು ಬರುತ್ತದೆ. ಬೇರೆ ಬೇರೆ ಅಂಗಡಿಗಳಲ್ಲಿ ಮಾಡಿದ ಸೇವೆ ಒಂದೇ ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ) ಅಡಿ ಕೂಡುತ್ತಾ ಹೋಗುತ್ತದೆ. ಏಳು ವರ್ಷದ ಸೇವೆಯನ್ನು ಇವತ್ತು ಸ್ವಲ್ಪ ಹಣಕ್ಕೆ ಅಳಿಸಿದರೆ ಮುಂದಿನ ಕೆಲಸದಲ್ಲಿ ಮತ್ತೆ ಒಂದರಿಂದ ಎಣಿಸಬೇಕು.

ಹಳೆ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸದೆ ಹೋದರೆ ಕ್ಲೇಮ್ ಮುಂದೆ ಸಾಗುವುದಿಲ್ಲ. ಕೊನೆಯ ವಂತಿಗೆ ಹೋಗಿ ಎರಡು ತಿಂಗಳ ಮೇಲೆ ಆ ದಿನಾಂಕವನ್ನು ಪೋರ್ಟಲ್‌ನಲ್ಲಿ ನೀವೇ ತುಂಬಬಹುದು.

ಕೊಡದಿದ್ದರೆ ಎಲ್ಲಿಗೆ ಹೋಗಬೇಕು

ಮೊದಲು ಕಂಪನಿಗೆ ಬರಹದಲ್ಲಿ ಬೇಡಿಕೆ, ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಗಳ ಕಚೇರಿ. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಒಂದೇ ಮಳಿಗೆಯಿಂದ ತೆಗೆಯಲ್ಪಟ್ಟವರು ಒಟ್ಟಿಗೆ, ಒಂದೇ ಒಕ್ಕಣೆಯ ಅರ್ಜಿಯೊಂದಿಗೆ ಹೋಗಿ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100.

ಕಂಪನಿಯೇ ದಿವಾಳಿಯಾದರೆ ದಾರಿ ಬೇರೆ. ಬಿಗ್ ಬಜಾರ್ ಮಳಿಗೆಗಳನ್ನು ನಡೆಸುತ್ತಿದ್ದ ಫ್ಯೂಚರ್ ರಿಟೇಲ್ 2022ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಇಂಥ ಪ್ರಶ್ನೆ ದೇಶದ ಎಷ್ಟೋ ಊರುಗಳಲ್ಲಿ ಎದ್ದಿತು. ಆಗ ನ್ಯಾಯಮಂಡಳಿ ನೇಮಿಸಿದ ಅಧಿಕಾರಿಗೆ ಗಡುವಿನೊಳಗೆ ಬಾಕಿಯ ಕ್ಲೇಮ್ ಸಲ್ಲಿಸಬೇಕು. ಒಬ್ಬರೇ ಆದರೆ ಡಿ ಫಾರಂ, ಗುಂಪಿನ ಪರವಾಗಿ ಇ ಫಾರಂ. ಕಂಪನಿ ಲಿಕ್ವಿಡೇಷನ್‌ಗೆ ಹೋದರೆ ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಭದ್ರತೆ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳ ಸಮಾನ ಸ್ಥಾನ ಇದೆ. ಕ್ಲೇಮ್ ಹಾಕದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೆ.

ಮನೆಯೊಳಗಿನ ಲೆಕ್ಕ

ಮನೆಯವರಿಗೆ ಆ ರಾತ್ರಿಯೇ ಹೇಳಿ. ಟಿಫನ್ ಡಬ್ಬಿ ಹಿಡಿದು ಹೊರಟು ದಿನವಿಡೀ ಪಾರ್ಕಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಕಳೆದು ಬರುವವರಿದ್ದಾರೆ. ಹಾಗೆ ಮುಚ್ಚಿಟ್ಟ ಒಂದೊಂದು ವಾರವೂ ಹಳೆಯ ಖರ್ಚಿನಲ್ಲೇ ಕರಗುತ್ತದೆ. ಹೇಳುವಾಗ ಲೆಕ್ಕದ ಸಮೇತ ಹೇಳಿ: ಇಷ್ಟು ಬರಬೇಕಿದೆ, ಇಷ್ಟು ಕೈಯಲ್ಲಿದೆ, ಇಷ್ಟು ತಿಂಗಳು ನಡೆಯುತ್ತದೆ. ಊರಿಗೆ ಅಪ್ಪ-ಅಮ್ಮನಿಗೆ ಕಳಿಸುತ್ತಿದ್ದ ದುಡ್ಡಿನ ಬಗ್ಗೆಯೂ ಫೋನ್ ಮಾಡಿ ನೇರವಾಗಿ ಮಾತಾಡಿ.

ಅಂಗಡಿ ಕೆಲಸದವರ ಮನೆ ಅವರಿಲ್ಲದೆ ನಡೆಯಲು ಅಭ್ಯಾಸವಾಗಿರುತ್ತದೆ. ಭಾನುವಾರ, ದಸರಾ, ದೀಪಾವಳಿ, ಎಲ್ಲರಿಗೂ ರಜೆ ಇದ್ದ ದಿನವೇ ಅವರಿಗೆ ಹೆಚ್ಚು ಕೆಲಸ. ಈಗ ಅವರು ಮನೆಯಲ್ಲಿರುವಾಗ ಕೆಲಸದ ಹಂಚಿಕೆಯನ್ನು ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಗಂಡಸಿನ ಕೆಲಸ ಹೋದರೆ ಮಕ್ಕಳನ್ನು ಸ್ಕೂಲಿಗೆ ಬಿಡುವುದು, ರೇಷನ್, ಅಡುಗೆಯ ಒಂದು ಹೊತ್ತು ಅವನ ಪಾಲಿಗೆ ಬರಲಿ. ಹೆಂಗಸಿನ ಕೆಲಸ ಹೋದರೆ ಅಪಾಯ ಇನ್ನೊಂದು ಬಗೆಯದು: ಹೇಗೂ ಮನೆಯಲ್ಲಿದ್ದೀಯಲ್ಲ ಎಂದು ಎಲ್ಲ ಕೆಲಸವೂ ಅವಳ ತಲೆಗೆ ಬರುತ್ತದೆ, ಹೊಸ ಕೆಲಸ ಹುಡುಕುವ ಹೊತ್ತೇ ಉಳಿಯುವುದಿಲ್ಲ. ದಿನಕ್ಕೆ ಮೂರು ಗಂಟೆ ಅವಳ ಕೆಲಸ ಹುಡುಕಾಟಕ್ಕೆ ಎಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೆಂದೂ ಗೊತ್ತಾಗಿರಬೇಕು.

ಖರ್ಚನ್ನು ಮೂರು ಸಾಲಾಗಿ ಬರೆಯಿರಿ. ನಿಲ್ಲಿಸಲಾಗದ್ದು: ಊಟ, ಬಾಡಿಗೆ, ಔಷಧಿ, ಸ್ಕೂಲು, ಫೋನ್. ಮುಂದೂಡಬಹುದಾದದ್ದು: ಬಟ್ಟೆ, ಮದುವೆ-ಮುಂಜಿಯ ಉಡುಗೊರೆ, ದುರಸ್ತಿ. ಮಾತಾಡಿ ಬದಲಿಸಬಹುದಾದದ್ದು: ಕಂತು, ಚೀಟಿ, ಫೀಸು. ಬಾಡಿಗೆ ಮನೆಯಾಗಿದ್ದರೆ ಅಡ್ವಾನ್ಸ್‌ನಲ್ಲಿ ಎರಡು ತಿಂಗಳು ಮುರಿದುಕೊಳ್ಳಲು ಮಾಲೀಕರನ್ನು ಬಾಕಿ ಬೀಳುವ ಮುನ್ನ ಕೇಳಿ. ಬಾಡಿಗೆ ಉಳಿಯುತ್ತದೆಂದು ಪಿಎಫ್ ಹಣವನ್ನೆಲ್ಲ ಭೋಗ್ಯಕ್ಕೆ ಹಾಕಬೇಡಿ, ಕೈಗೆ ಬೇಕಾದಾಗ ಅದು ವಾಪಸ್ ಬರುವುದಿಲ್ಲ. ಚೀಟಿ ಇನ್ನೂ ಎತ್ತಿಲ್ಲವಾದರೆ ಈಗ ಕೂಗಿ ಎತ್ತಿದರೆ ಎಷ್ಟು ಕೈಗೆ ಬರುತ್ತದೆ, ಮುಂದಿನ ಕಂತು ಕಟ್ಟಲಾದೀತೇ ಎಂದು ಎರಡನ್ನೂ ಲೆಕ್ಕ ಹಾಕಿ.

ಸಾಲದ ಕಂತು ಬೌನ್ಸ್ ಆಗುವ ಮುನ್ನ ಬ್ಯಾಂಕಿಗೆ ಹೋಗಿ, ಕೆಲಸ ಹೋದ ಪತ್ರ ತೋರಿಸಿ, ಅವಧಿ ವಿಸ್ತರಿಸಿ ಕಂತು ಇಳಿಸಲು ಲಿಖಿತವಾಗಿ ಕೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕಿರುಸಾಲದವರ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆ್ಯಪ್ ಸಾಲ ಮಾತ್ರ ಬೇಡ. ದುಡ್ಡು ಬೇಕೇ ಬೇಕೆಂದಾದರೆ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಡಿ.

ಮನೆಯ ಯಜಮಾನಿಗೆ ಬರುವ ಗೃಹಲಕ್ಷ್ಮಿಯ 2,000, ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ಸು, ಗೃಹಜ್ಯೋತಿಯ ವಿದ್ಯುತ್ತು ಈ ಹೊತ್ತಿಗೇ ಇರುವಂಥವು. ಅರ್ಜಿ ಬಾಕಿ ಇದ್ದರೆ ಮುಗಿಸಿ. ಯುವನಿಧಿ ಮಾತ್ರ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ಕೆಲಸ ಕಳೆದುಕೊಂಡವರಿಗೆ ಅನ್ವಯಿಸುವುದಿಲ್ಲ. ಖಾಸಗಿ ಶಾಲೆಯ ಫೀಸು ಭಾರವಾದರೆ 6ರಿಂದ 14 ವರ್ಷದ ಮಕ್ಕಳನ್ನು ವರ್ಷದ ನಡುವೆಯೂ ಸರ್ಕಾರಿ ಶಾಲೆಗೆ ಸೇರಿಸಬಹುದು. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಕುಡಿತ ಹೆಚ್ಚಾದರೆ, ಬದುಕೇ ಬೇಡ ಎನಿಸಿದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕೆಲಸ ಹೋದದ್ದು ವ್ಯಾಪಾರದ ತೀರ್ಮಾನದಿಂದ. ನಿಮ್ಮ ಯೋಗ್ಯತೆಯ ಮೇಲೆ ಅದು ತೀರ್ಪಲ್ಲ.

ಮುಂದಿನ ಕೆಲಸ

"ಸೇಲ್ಸ್‌ನಲ್ಲಿದ್ದೆ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಶಿಫ್ಟಿಗೆ ಎಷ್ಟು ಬಿಲ್ ಹಾಕುತ್ತಿದ್ದಿರಿ, ಎಷ್ಟು ನಗದು ತಾಳೆ ಮಾಡುತ್ತಿದ್ದಿರಿ, ಎಕ್ಸ್‌ಪೈರಿ ನೋಡಿ ಸ್ಟಾಕ್ ತಿರುಗಿಸುವುದು, ಗೋದಾಮಿನ ಇಂಡೆಂಟ್, ರಿಟರ್ನ್ ತೆಗೆದುಕೊಳ್ಳುವುದು, ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡುವುದು, ಎಷ್ಟು ಭಾಷೆ ಬರುತ್ತದೆ, ಎಲ್ಲವನ್ನೂ ಬರೆಯಿರಿ. ಇವೇ ಕೌಶಲಗಳು ಆಸ್ಪತ್ರೆಯ ಬಿಲ್ಲಿಂಗ್, ಔಷಧಿ ಅಂಗಡಿ ಸರಣಿ, ಹೋಲ್‌ಸೇಲ್ ಮಂಡಿ, ಲಾಜಿಸ್ಟಿಕ್ಸ್ ಗೋದಾಮು, ಹೋಟೆಲ್ ರಿಸೆಪ್ಷನ್‌ಗೂ ಬೇಕು. ಕೈಯಲ್ಲಿ ಕಲಿತ ಕೆಲಸಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ಸರ್ಕಾರಿ ಏರ್ಪಾಡು ಇದೆ. ಹೊಸ ಕೆಲಸ ಹುಡುಕಲು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ, ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಿ. ಕೆಲಸ ಕೊಡಿಸಲು ಮುಂಗಡ ಕೇಳಿದವರು ಮೋಸಗಾರರೇ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಡೆಲಿವರಿಗೆ ಇಳಿಯುವವರು ಕೈಗೆ ಬಂದ ಮೊತ್ತದಿಂದ ಪೆಟ್ರೋಲು, ಸರ್ವಿಸು, ಗಾಡಿಯ ಕಂತು, ಡೇಟಾ ಕಳೆದು ದುಡಿದ ಗಂಟೆಯಿಂದ ಭಾಗಿಸಿ ನೋಡಬೇಕು. ಹಳೆ ಕೆಲಸದಲ್ಲಿದ್ದ ಮಾಲೀಕರ ಪಿಎಫ್ ಪಾಲು ಅದರಲ್ಲಿಲ್ಲ ಎಂಬುದನ್ನೂ ಸೇರಿಸಿ ಹೋಲಿಸಿ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿ ಕಲ್ಯಾಣ ಮಂಡಳಿಗೆ ದಾರಿ ಮಾಡಿದೆ. ಇಳಿದರೆ ಅಲ್ಲಿ ನೋಂದಣಿ ಮಾಡಿಸಿಕೊಳ್ಳಿ.

ಸ್ವಂತ ಅಂಗಡಿಯ ಆಸೆ ಇದ್ದರೆ ಮೊದಲು ಕಲಿಯಿರಿ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ 18ರಿಂದ 45 ವರ್ಷದವರಿಗೆ ಊಟ-ವಸತಿ ಸಮೇತ ಉಚಿತ ತರಬೇತಿ ಕೊಡುತ್ತದೆ. ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಮೊಬೈಲ್ ರಿಪೇರಿ, ಫ್ರಿಜ್-ಎಸಿ ದುರಸ್ತಿ, ಹೊಲಿಗೆಯಂಥ ಕಸುಬು ಕಲಿತು ಬಂದವರಿಗೆ ಬ್ಯಾಂಕ್ ಸಾಲವೂ ಸುಲಭ. ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ. ಪರಿಹಾರದ ಹಣವನ್ನೆಲ್ಲ ಒಮ್ಮೆಗೇ ಸರಕಿಗೆ ಸುರಿಯದೆ ಆರು ತಿಂಗಳ ಮನೆ ಖರ್ಚನ್ನು ಬೇರೆ ಖಾತೆಯಲ್ಲಿಟ್ಟು ಉಳಿದದ್ದರಲ್ಲಿ ಆರಂಭಿಸಿ. ಮೊದಲ ದಿನದಿಂದ ಖರೀದಿ-ಮಾರಾಟದ ಲೆಕ್ಕ ಬರೆಯಿರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಲೆಕ್ಕ ಇಟ್ಟವರಿಗೆ ಉತ್ತರ ಕೊಡುವುದು ಸುಲಭವಾಗಿತ್ತು.

ಕೊನೆಯದಾಗಿ, ಹಳೆ ಮಳಿಗೆಯ ಮೇಲೆ ಒಂದು ವರ್ಷ ಕಣ್ಣಿಟ್ಟಿರಿ. ರಿಟ್ರೆಂಚ್‌ಮೆಂಟ್ ಆದ ವರ್ಷದೊಳಗೆ ಕಂಪನಿ ಮತ್ತೆ ಜನರನ್ನು ತೆಗೆದುಕೊಂಡರೆ, ತೆಗೆಯಲ್ಪಟ್ಟವರಿಗೆ ಅವಕಾಶ ಕೊಟ್ಟು ಆದ್ಯತೆ ನೀಡಬೇಕು ಎಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ಆದ್ದರಿಂದ ಜೊತೆಗೆ ಕೆಲಸ ಕಳೆದುಕೊಂಡವರ ವಾಟ್ಸ್‌ಆ್ಯಪ್ ಗುಂಪನ್ನು ಜೀವಂತವಾಗಿಡಿ. ಯಾರಿಗೆ ಎಷ್ಟು ಹಣ ಬಂತು, ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳಿದರು, ಎಲ್ಲಿ ಕೆಲಸ ಖಾಲಿ ಇದೆ ಎಂಬುದನ್ನು ಅದರಲ್ಲಿ ಹಂಚಿಕೊಳ್ಳಿ. ಒಬ್ಬರಿಗೆ ಸಿಕ್ಕ ಪರಿಹಾರದ ಆದೇಶದ ಪ್ರತಿಯನ್ನು ತೋರಿಸಿ ಉಳಿದವರೂ ತಮ್ಮದನ್ನು ಕೇಳಬಹುದು.